ತ್ವಾಳದ ಖಾತೆ

ನೀಲಿ ರಟ್ಟಿನ ದೊಡ್ಡ ಬುಕ್ಕು, ಸಂಘದ ಸಿಕ್ಕಾ ಹೊಡದದ್ದು.
ತಾರೀಖು, ಜಾಗಾ, ಯಾರ ಹಟ್ಟಿ, ಎಷ್ಟು ಮರಿ,
ಹಲ್ಲು ಎಲ್ಲಿ ಊರ್ಯಾವ, ಸಾಕ್ಷಿ ಯಾರು.
ನಾಕು ವರ್ಷಾತು, ನಾನ ಬರಿಯಾಕಿ.
'ಹೆಸರಾಗ ಹುಲಿ ಇಟ್ಟುಕೊಂಡು
ತ್ವಾಳದ ಲೆಕ್ಕ ಹಿಡದಾಳ ನೋಡ್ರಿ ಹುಲಿಗೆವ್ವ'
ಅಂತ ಯಮನೂರಪ್ಪ ಚಾದ ಅಂಗಡ್ಯಾಗ ನಗಸ್ತಾನ.

ಕುಷ್ಟಗಿ ಕಡೆ ಅಡವಿ ಅಂದ್ರ ಗಿಡದ ಗುಂಪಲ್ಲ.
ಮೊಣಕಾಲು ಮುಟ್ಟದ ಹುಲ್ಲು, ಜಾಲಿ, ತಂಗಡಿ,
ಬಿಸಲಿಗೆ ಬೆನ್ನು ಕೊಟ್ಟು ಮಲಗಿದ ಬಂಡಿ.
ಸರಕಾರದ ನಕಾಶದಾಗ ಇದಕ್ಕ ಬಂಜರು ಅಂತ ಹೆಸರು.
ಬಂಜರದಾಗ ಇಷ್ಟು ಹೆಜ್ಜಿ ಯಾರವು?

ಕರಾರು ಸಣ್ಣದು:
ವರ್ಷಕ್ಕ ಹಟ್ಟಿಗೊಂದು ಮರಿ ಸಂಘದ ಹಿಂಡಿಗೆ.
ತ್ವಾಳ ಹಿಡದ್ರ, ಕಳಕೊಂಡಾಂವಗ
ಆ ಹಿಂಡಿನ್ಯಾಗಿಂದ ಒಂದು.
ವಿಷ ಹಚ್ಚಿದ ಮಾಂಸ ಯಾವನರ ಒಗದ್ರ
ಅವನ ಹಟ್ಟಿಗೆ ಐದು ವರ್ಷ ಏನೂ ಇಲ್ಲ.
ಹಿಂದಕ ಹಿರಿಯರು ಅಂತಿದ್ರಂತ,
ಹಿಂಡಿನ್ಯಾಗ ಒಂದು ಪಾಲು ಅದರದ ಅಂತ.
ಬರದಿಟ್ಟಿರಲಿಲ್ಲ. ನಾವು ಬರೀತೀವಿ, ಅಷ್ಟ ಫರಕು.

ನಾ ಕಲತದ್ದು ಗಾಯ ಓದೋದು.
ತ್ವಾಳ ಗಂಟಲಿಗೆ ಬಾಯಿ ಹಾಕತೈತಿ, ಒಂದ ಸಲ.
ನಾಕು ತೂತು. ಮುಗೀತು. ಹೊತಗೊಂಡು ಹೋಗತೈತಿ.
ನಾಯಿ ಹಿಂದಿಂದ: ತೊಡಿ, ಬಾಲ, ಹೊಟ್ಟಿ,
ಹರದು ಹರದು, ತಿನ್ನದ ಬಿಟ್ಟು ಹೋಗತಾವ,
ಆಟ ಆಡಿದಂಗ.

ಹಿಂಗಾರಿ ಜೋಳ ಹಾಲುಗಾಳು ಕಟ್ಟೋ ಹೊತ್ತಿಗೆ
ಕಳಕಪ್ಪ ಮಾವನ ಹಟ್ಯಾಗ ಮೂರು ಮರಿ ಬಿದ್ದಿದ್ದು.
ಅವ್ವನ ಒಡಹುಟ್ಟಿದಾಂವ. ನನಗ ಮೊದಲ ಪೆನ್ನು ಕೊಡಿಸಿದಾಂವ.
ಒಂದೊಂದ ಹೊಳ್ಳಿಸಿ ನೋಡಿದೆ.
ಗಂಟಲ ಮ್ಯಾಲ ಉಣ್ಣಿ ಸೈತ ಕದಲಿರಲಿಲ್ಲ.
ತೊಡಿ ಇರಲಿಲ್ಲ.
'ಕ್ರಷರ್ ನಾಯಿ ಮಾವಾ' ಅಂದೆ.
'ತ್ವಾಳ ಅಂತ ಬರಿ.'
ಕ್ರಷರಿನವರು ಒಂದು ಪೈ ಕೊಡಾಂಗಿಲ್ಲ,
ಅವಗೂ ಗೊತ್ತು, ನನಗೂ ಗೊತ್ತು.
'ತ್ವಾಳಕ್ಕೇನು, ಬಂದು ಓದತೈತೇನು ನಿನ್ನ ಬುಕ್ಕು?'

ಓದಾಂಗಿಲ್ಲ, ಖರೆ.
ಓದಾಕ ಬರದ ನಮ್ಮ ಮುತ್ಯಾನ ಹೆಬ್ಬಟ್ಟಿನ ಮ್ಯಾಲ
ಯಾರೋ ಬರದ ಕಾಗದ
ಈಗೂ ಟ್ರಂಕಿನ ತಳದಾಗ ಐತಿ.
ತಗೊಳ್ಳದ್ದನ್ನ ತಗೊಂಡಾನ ಅಂತ.
ನಾ 'ನಾಯಿ' ಅಂತ ಬರದೆ.
ಸಾಕ್ಷಿ ಜಾಗಾ ಖಾಲಿ ಉಳೀತು.

ಮಾವ ಮಾತು ಬಿಟ್ಟ.
ಎಳ್ಳಮಾಸಿಗೆ ಚರಗ ಚೆಲ್ಲಾಕ ಕರೀಲಿಲ್ಲ.
ಎದುರಿಗೆ ಸಿಕ್ರ ಕಂಬಳಿ
ಈ ಹೆಗಲಿಂದ ಆ ಹೆಗಲಿಗೆ ಹಾಕ್ಕೊಂಡು ಹೋಗತಿದ್ದ.
ಅವ್ವ ಏನೂ ಅನ್ನಲಿಲ್ಲ,
ನನ್ನ ಪಾಲಿನ ರೊಟ್ಟಿ ಅಷ್ಟ ಜೋರ ಬಡದಳು.

ಶಿವರಾತ್ರಿ ಇನ್ನೂ ನಾಕು ದಿನ ಇತ್ತು. ನಸುಕಿನ್ಯಾಗ
ಕದಾ ಬಡದ ಸಪ್ಪಳ.
ಬಾಗಲದಾಗ ನಿಂತು ಮಾವ ನಾಕು ಬಟ್ಟು ಎತ್ತಿದ.
'ಮರಿ?'
'ಗವಿ ಹೊರಗ ಬಂದಾವ. ಒಂದರ ಕಿವಿ ಇನ್ನೂ ನೆಟ್ಟಗ ನಿಂತಿಲ್ಲ.
ತಾಯಿ ನನ್ನ ನೋಡ್ತು. ನಾ ಕೂತೆ.
ಅದೂ ಕೂತಿತು.'

ಬುಕ್ಕು ತಂದೆ. ತಾರೀಖು ಬರದೆ. ನಾಕು ಅಂತ ಬರದೆ.
'ಎಲ್ಲಿ?'
ಮಾವ ಗುಡ್ಡದ ಕಡೆ ನೋಡಿದ.
ಅಲ್ಲಿ ಕೆಂಪು ಕಲ್ಲಿಗೆ ಗುತ್ತಿಗೇದವರು
ಸುಣ್ಣದ ಗೆರಿ ಎಳದು ಹೋಗ್ಯಾರ.
ತ್ವಾಳ ಐತಂದ್ರ ಲೀಸು ನಿಲ್ಲತೈತಿ,
ಲೀಸು ನಿಲ್ಲೂಕಿಂತ ಮೊದಲ ಗವಿಗೆ ಹೊಗಿ ಹಾಕಿದ್ರಾತು.
ಈ ಬುಕ್ಕು ಪಂಚಾಯ್ತ್ಯಾಗ ಅವರೂ ತಿರುವತಾರ,
ಚಾ ಕುಡಕೋತ.
'ಅದನ ಬರೀಬ್ಯಾಡ.'

ಇದ್ದದ್ದನ್ನ ಬರೀದ ಬಿಟ್ರ ಅದೂ ಸುಳ್ಳಾಕೈತೇನೋ.
ಪೆನ್ನಿನ ಟೊಪಗಿ ಹಾಕೋದು, ತಗಿಯೋದು,
ಬೆಳಕಾತು.
ಜಾಗಾ ಅನ್ನೋ ಮನಿ ಹಂಗ ಬಿಟ್ಟೆ.
ಸಾಕ್ಷಿ ಅನ್ನೋ ಮನ್ಯಾಗ ಮಾವ ಪೆನ್ನು ಇಸಕೊಂಡು
ಕ, ಳ, ಕ, ಪ್ಪ
ಒಂದೊಂದ ಅಕ್ಷರ ದೂರ ದೂರ ನಿಲ್ಲಿಸಿ ಬರದ,
ಹಟ್ಯಾಗ ಗೂಟ ಹೊಡದಂಗ.

'ಚಾ ಮಾಡ್ತೀನಿ, ಕೂಡು' ಅಂದೆ.
'ಆ ಮೂರು ಮರೀ ಸಿಟ್ಟು ಇನ್ನೂ ಹೋಗಿಲ್ಲ ಮತ್ತ'
ಅಂದು ಕಂಬಳಿ ಕೊಡವಿ ಇಳದು ಹೋದ.